ಪೆಡಲ್ ಇಲ್ಲದ ಸವಾರಿ

ರವಿವಾರ ಬೆಳಿಗ್ಗೆ ಸೈಕಲ್ ಚೈನಿಗೆ ಎಣ್ಣೆ ಬಿಡುವಾಗ, ಆ ವಾಸನೆಗೆ ಯಮನೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಏಳನೆಯ ತರಗತಿ ಮುಗಿದಿತ್ತು. "ಹಳ್ಳದ ತನಕ ಸೈಕಲ್ ಮ್ಯಾಲ ಹೋಗಿ ಬಾ. ನಡುವ ಇಳದಿ ಅಂದ್ರ ನವಲಗುಂದದ ಹೈಸ್ಕೂಲು ಮರತಬಿಡು," ಎಂದರು ಅಪ್ಪ. ಸೀಟು ಎಟುಕದ ನಾನು ಸರಳಿನ ಕೆಳಗೆ ಕಾಲು ತೂರಿಸಿ ಹೊರಟೆ.

ಮರಳುವಾಗ, ಮನೆ ಕಾಣುವಷ್ಟರಲ್ಲಿ ಚೈನು ಕಡಿದುಹೋಯಿತು. ಕಟ್ಟೆಯ ಮೇಲಿದ್ದ ಸೋದರತ್ತೆ ನಕ್ಕಳು: "ಇಳಿ ಬೇ, ಇನ್ನ ರೊಟ್ಟಿ ಬಡಿಯಾಕ ಕಲಿ!"

ಜಗತ್ತಿನ ಮೊದಲ ಸೈಕಲ್ಲಿಗೆ ಪೆಡಲೇ ಇರಲಿಲ್ಲ, ನೆಲ ಒದ್ದು ಓಡಿಸುತ್ತಿದ್ದರು ಎಂದು ಗುರುಗಳು ಹೇಳಿದ್ದು ನೆನಪಾಯಿತು. ಎಡಗಾಲನ್ನು ಪೆಡಲಿನ ಮೇಲೆ ಊರಿ, ಬಲಗಾಲನ್ನು ಸರಳಿನ ಕೆಳಗಿಂದ ಈಚೆ ಎಳೆದು ಎರೆಮಣ್ಣು ಒದೆಯುತ್ತ ಬಾಗಿಲಿಗೆ ಬಂದೆ.

"ಕಾಲು ನೆಲಕ್ಕ ಹತ್ತೇತಿ!" ಎಂದಳು ಅತ್ತೆ.

"ನೆಲಾ ಒದ್ದಾಳ ಅಕ್ಕಾ, ಇಳದಿಲ್ಲ," ಎಂದರು ಅಪ್ಪ. ನಟ್ಟು ಸಡಿಲಿಸುವ ಪಾನಾ ತಂದು ಸೀಟನ್ನು ನನ್ನ ಎತ್ತರಕ್ಕೆ ಇಳಿಸತೊಡಗಿದರು.