ಕೊನೆಯವರು ನಿಂತರು

ಚಾಲಕರಿಲ್ಲದ ಲಾರಿಗಳಿಗೆ ಒಂಟಿ ಸೈಕಲ್ ಕಾಣುತ್ತಿರಲಿಲ್ಲ. ಇಪ್ಪತ್ತಾದರೂ ಒಟ್ಟಿಗಿದ್ದರೆ ಮಾತ್ರ ಅವು ವೇಗ ತಗ್ಗಿಸುತ್ತಿದ್ದವು. ಹಾಗಾಗಿ ಧಾರವಾಡದ ಹೆದ್ದಾರಿಯಲ್ಲಿ ಜನ ಕೆಲಸಕ್ಕೆ ಹೋಗುವುದೂ ಬರುವುದೂ ಗುಂಪಿನಲ್ಲೇ. ಸಂಜೆಯ ಐವತ್ತು ಜನರ ಗುಂಪಿಗೆ ನೀಲವ್ವ ಮುಂದಾಳು. ಎಲ್ಲರ ಹಿಂದೆ ಬರುವವನು ಅವಳ ಗಂಡ ಫಕೀರಪ್ಪ.

ಅಂದು ಅರ್ಧ ದಾರಿಯಲ್ಲಿ ಹಿಂದಿನಿಂದ ಬಾಯಿಂದ ಬಾಯಿಗೆ ಕೂಗು ಬಂತು: "ಕೊನೆಯವ್ರು ನಿಂತ್ರು!"

"ಯಾಕಂತ?" ಎಂದು ನೀಲವ್ವ ಕೂಗಿದಳು. ಪ್ರಶ್ನೆ ಹಿಂದಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ಎರಡು ಫರ್ಲಾಂಗು ಸಾಗಿದ್ದರು.

"ಎದಿ ಹಿಡ್ಕೊಂಡು ಕುಂತಾರಂತ ಅಕ್ಕಾ. ನೀವು ನಡೀರಿ ಅಂದ್ರಂತ."

ಗುಂಪು ನಡುರಸ್ತೆಯಲ್ಲಿ ನಿಲ್ಲುವಂತಿಲ್ಲ, ಹೊರಳುವಂತಿಲ್ಲ, ಅದು ಕಾನೂನು. ನೀಲವ್ವ ಬ್ರೇಕಿನ ಮೇಲೆ ಬೆರಳಿಟ್ಟಳು. ಆದರೆ ಹಿಂದೆ ಕೂಸು ಕಟ್ಟಿಕೊಂಡ ಹೆಂಗಸರಿದ್ದರು. "ಮುಂದ ನಡೀರಿ" ಎಂದಳು. ಆ ಮಾತೂ ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು.

ಊರ ಸಿಗ್ನಲ್ ತಲುಪಿದ ಮೇಲೆ ಅವಳು ಎಲ್ಲರತ್ತ ತಿರುಗಿ, "ಅವ್ರನ್ನ ಕರಕೊಂಡ್ ಬರಾಕ ಯಾರ್ ಬರ್ತೀರಿ?" ಎಂದು ಕೇಳಿದಳು. ಹೆಚ್ಚಿನವರು ಮುಖ ತಪ್ಪಿಸಿ, "ಮನ್ಯಾಗ ಮಕ್ಕಳದಾವ ಅಕ್ಕಾ" ಎಂದು ಹೊರಟರು. ಹನ್ನೊಂದು ಮಂದಿ ಉಳಿದರು.

ನೀಲವ್ವ ಅವರನ್ನು ಎಣಿಸಿ ನಿಟ್ಟುಸಿರಿಟ್ಟಳು. "ಇಷ್ಟ್ ಮಂದಿ ಲಾರಿಗೆ ಕಾಣೂದಿಲ್ಲ. ನಿಮ್ಮನ್ನ ಸಾಯಾಕ ಕರಕೊಂಡ್ ಹೋಗಂಗಿಲ್ಲ. ಮನಿಗೆ ಹೋಗ್ರಿ."

"ಮತ್ತ ನೀವು?"

ನೀಲವ್ವ ಸೈಕಲ್ ಏರಿದಳು. ಕೆಂಪು ದೀಪ ಹಸಿರಾಗುವವರೆಗೆ ಕಾದಳು. ಹಿಂದೆ ಯಾರೂ ಬರುತ್ತಿರಲಿಲ್ಲ. ಆದರೂ ಕೈ ಚಾಚಿ ತಿರುಗುವ ಸನ್ನೆ ಮಾಡಿ, ಬಂದ ದಾರಿಯತ್ತ ಒಬ್ಬಳೇ ಪೆಡಲ್ ತುಳಿದಳು.