ಸೊಂಟದ ಚಾಪೆ

"ಮಿಷನ್ ಸಮ್ಮೇಳನ ಮುಗಿಯೋವರೆಗೂ ಈ ಚಾಪೆ ನನ್ನ ಸೊಂಟ ಬಿಟ್ಟಿಲ್ಲ," ಎಂದ ಕಲೇಪಿ. ಹಂದಿ, ಗೆಣಸು ಮಾರಿ ಅವನನ್ನು ಕೊರಿಯಾಕ್ಕೆ ಕಳಿಸಿದ್ದ ಟೋಂಗಾದ ಚರ್ಚಿನ ಸಭೆ ತಲೆದೂಗಿತು. ಹತ್ತು ಜನರ ಮುಂದೆ ಬಟ್ಟೆಯ ಮೇಲೆ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಳ್ಳುವುದೇ ಅಲ್ಲಿನ ಮರ್ಯಾದೆ. "ಪರದೇಶದವರ ಮುಂದೆ ನಮ್ಮ ಮಾನ ಉಳಿಸಿದೆ ಕಣೋ," ಎಂದ ಒಬ್ಬ ಮುದುಕ.

ತೀರಿಹೋದ ಗಂಡನ ಚಾಪೆಯನ್ನೇ ಅವನಿಗೆ ಉಡಿಸಿ ಕಳಿಸಿದ್ದ ಹೆಪಿಸಿಪಾ ಅಜ್ಜಿ ಎದ್ದು ಬಂದು ಅದನ್ನು ಸವರಿದಳು. ಬೆರಳು ಒಂದು ಗೆರೆಯ ಮೇಲೆ ನಿಂತಿತು. ಅಲ್ಲಿ ಎಳೆಗಳು ಮುರಿದಿದ್ದವು. ಈ ಚಾಪೆಯನ್ನು ಸುತ್ತಿಡುತ್ತಾರೆ, ಯಾರೂ ಮಡಚುವುದಿಲ್ಲ. ಸೂಟಿನವರ ನಡುವೆ ನಾಚಿ, ಮೊದಲ ದಿನವೇ ಅದನ್ನು ಬಿಚ್ಚಿ ಪೆಟ್ಟಿಗೆಯ ತಳಕ್ಕೆ ಮಡಚಿ ತುರುಕಿದ್ದ ಕಲೇಪಿ ತಲೆ ತಗ್ಗಿಸಿದ.

ಅಜ್ಜಿ ಅವನ ಸೊಂಟದ ನಾರಿನ ಹುರಿ ಬಿಚ್ಚಿ, ಆ ಗೆರೆ ಮುಚ್ಚುವಂತೆ ಮತ್ತೆ ಬಿಗಿದಳು.

"ಈಗ ಕಾಣಲ್ಲ," ಎಂದಳು ಮೆಲ್ಲಗೆ. "ಹೇಳಪ್ಪ ಮುಂದೆ, ಎಲ್ಲರೂ ಕಾಯ್ತಿದ್ದಾರೆ."