ತಾತನ ಬಾರುಕೋಲು

ಅರಿಶಿನ ಬೇಯುವ ವಾಸನೆ ಬಂದರೆ ಈಗಲೂ ನನಗೆ ಹರವೆಯ ಅಜ್ಜಿಮನೆ ನೆನಪಾಗುತ್ತದೆ. ಹಿತ್ತಲಲ್ಲಿ ಅರಿಶಿನ ಬೇಯುತ್ತಿದ್ದ ಒಂದು ಮಧ್ಯಾಹ್ನ ಸೋದರಮಾವ ಹೊಡೆದಾಟದ ಕೇಸಿನಲ್ಲಿ ಜೈಲು ಮುಗಿಸಿ ಬಂದಿದ್ದ. ಊರು ಅವನನ್ನು ರೌಡಿ ಅನ್ನುತ್ತಿತ್ತು, ನಾನು ಮಾತ್ರ ಅವನ ಹೆಗಲೇರಿಯೇ ಬೆಳೆದವಳು. ನೀರು ಕುಡಿಯೋಕೂ ಅವನು ಅಜ್ಜಿಯನ್ನು ಕೇಳುತ್ತಿದ್ದ. ಊಟಕ್ಕೆ ಕೂತವನು, ಸತ್ತ ತಾತನ ಬಾರುಕೋಲು ಗೋಡೆಯಲ್ಲಿ ನೇತಾಡುವುದನ್ನು ಕಂಡು ದೂರ ಸರಿದ.

“ಅದು ಎತ್ತಿಗಾ ಅಜ್ಜಿ?” ಅಂದೆ.

ಅಜ್ಜಿ ಮಾವನ ಬೆನ್ನನ್ನೇ ನೋಡುತ್ತಾ, “ಎತ್ಗೆ ಒಂದೇಟೂ ಬೀಳ್ನಿಲ್ಲ ಕಣಮ್ಮಿ,” ಅಂದಳು.

ಆಮೇಲೆ ಅದನ್ನು ಕಿತ್ತುಕೊಂಡು ಹಿತ್ತಲಿಗೆ ಹೋಗಿ, ಅರಿಶಿನದ ಕೊಪ್ಪರಿಗೆ ಕೆಳಗಿನ ಬೆಂಕಿಗೆ ತುರುಕಿದಳು. “ಅವತ್ತೇ ಸುಟ್ಬುಡ್ಬೇಕಿತ್ತು ಕಣ್ಲಾ ಮಗಾ.”

ಹಿಂದೆಯೇ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ ಮಾವ ಅದು ಉರಿದು ಮುಗಿಯುವವರೆಗೂ ನೋಡಿದ. ಒಳಗೆ ಬಂದು, ಯಾರನ್ನೂ ಕೇಳದೆ, ಗುಡಾಣದಿಂದ ನೀರು ಮೊಗೆದು ಕುಡಿದ.